ದೇವರ ಹಲಗೆಯ ಹಿಂದಿನ ಕಪಾಟು

ಪಟ್ಟಿಯಲ್ಲಿ ಒಂದು ಸೈಕಲ್ ಇತ್ತು. ಕಚೇರಿಯಲ್ಲಿ ಸೈಕಲ್ ಇರಲಿಲ್ಲ. ಆದರೂ ಅದನ್ನು ನಾನು ಗುಜರಿಗೆ ಸಾಗಿಸಿದ್ದೇನೆ ಎಂದು ಸಹಿ ಹಾಕಬೇಕಂತೆ.

"ಇಲ್ಲದ ಸೈಕಲನ್ನು ಎಲ್ಲಿಗೆ ಸಾಗಿಸುವುದು ಸಾರ್?" ಎಂದು ಕೇಳಿದೆ.

"ಪಟ್ಟಿಯಲ್ಲಿ ಉಂಟಲ್ಲ ಮಾರಾಯ್ರೆ," ಎಂದರು ಕಚೇರಿಯ ಸೂಪರಿಂಟೆಂಡೆಂಟರು. "ಪಟ್ಟಿಯಲ್ಲಿ ಇದ್ದದ್ದು ಹೋಗ್ಬೇಕು. ಪಟ್ಟಿಯಲ್ಲಿ ಇಲ್ಲದ್ದು ಇಲ್ಲವೇ ಇಲ್ಲ. ಅಷ್ಟೇ ವಿಷಯ."

ಆ ಮನುಷ್ಯನ ಇಡೀ ವೇದಾಂತ ಈ ಎರಡು ವಾಕ್ಯದಲ್ಲಿ ಮುಗಿಯಿತು. ಮುಂದಿನ ಎರಡು ವಾರ ನಾನು ಒದ್ದಾಡಿದ್ದು ಇದರ ಜೊತೆಗೇ.

ಕುದ್ರೋಳಿಯಲ್ಲಿ ನಮ್ಮದು ಹಳೆ ಮರ, ಹಳೆ ಹಂಚಿನ ವ್ಯಾಪಾರ. ಮಾರುವ ಸಾಮಾನು ಬೇಕಲ್ಲ, ಅದಕ್ಕಾಗಿ ಹಳೆ ಕಟ್ಟಡ ಕೆಡವುವ ಗುತ್ತಿಗೆಯನ್ನೂ ಹಿಡಿಯುತ್ತೇನೆ. ನಾನು ಬ್ಯಾರಿ, ಈ ಕರಾವಳಿಯ ಮುಸಲ್ಮಾನ. ಇದನ್ನು ಈಗಲೇ ಹೇಳಲು ಕಾರಣವಿದೆ, ಮುಂದೆ ಬರುತ್ತದೆ. ಆ ಸಲ ಸಿಕ್ಕಿದ್ದು ಕದ್ರಿ ಗುಡ್ಡದ ಬದಿಯ ಒಂದು ಸರಕಾರಿ ಕಚೇರಿ. ಇಲಾಖೆಯ ಹೆಸರು ಬೇಡ. ಜನರ ಜಾಗದ ನಕ್ಷೆ, ಅಳತೆಯ ಕಾಗದ ಇಟ್ಟುಕೊಂಡು, ಬಂದವರಿಗೆಲ್ಲ ಇಲ್ಲ ಎನ್ನುತ್ತಿದ್ದ ಕಚೇರಿ ಎಂದರೆ ಸಾಕು. ಹೊಸ ಕಟ್ಟಡಕ್ಕೆ ಅವರು ಹೋಗಿಯಾಗಿತ್ತು. ಹಳೆಯದನ್ನು ಮಳೆ ಹಿಡಿಯುವ ಮೊದಲು ಇಳಿಸಿ, ಒಳಗಿನ ಸಾಮಾನು ವಿಲೇವಾರಿ ಮಾಡಿ, ಜಾಗ ಸಮತಟ್ಟು ಮಾಡಿ ಕೊಡಬೇಕಿತ್ತು. ಆಗ ಮೇ ತಿಂಗಳು ಅರ್ಧ ಕಳೆದಿತ್ತು.

ಸರಕಾರಿ ಕಟ್ಟಡ ಕೆಡವುವುದು ಸುಲಭ. ಒಳಗೆ ಕೂತವರ ಕುಂಡೆ ಎಬ್ಬಿಸುವುದೇ ಕಷ್ಟ. ಹೊಸ ಕಚೇರಿಗೆ ಹೋದ ಮೇಲೂ ಸೂಪರಿಂಟೆಂಡೆಂಟರು ದಿನಾ ಹತ್ತು ಗಂಟೆಗೆ ಇಲ್ಲಿಗೇ ಬಂದು, ಹುಣಸೆ ಮರದಡಿ ಕುರ್ಚಿ ಹಾಕಿಸಿ ಕೂರುತ್ತಿದ್ದರು. ಮೇಲ್ವಿಚಾರಣೆಯಂತೆ. ಮೇಲ್ವಿಚಾರಣೆ ಎಂದರೆ ಹನ್ನೊಂದಕ್ಕೆ ಒಂದು ಚಾ, ಮೂರಕ್ಕೆ ಇನ್ನೊಂದು ಚಾ. ಗೋಳಿಬಜೆ ತರಿಸಿದ ದಿನ ಮಾತ್ರ ಎದ್ದು ನಿಂತು ಕೈ ಒರೆಸಿಕೊಳ್ಳುತ್ತಿದ್ದರು.

ನಮ್ಮ ಕೆಲಸಕ್ಕೆ ಒಂದು ಕ್ರಮ ಇದೆ. ಮೊದಲು ಮಾಡಿನ, ಅಂದರೆ ಛಾವಣಿಯ, ನೆತ್ತಿಯ ಹಂಚು ಬಿಡಿಸಬೇಕು. ಆಮೇಲೆ ಎರಡೂ ಬದಿಯಿಂದ ಸರಿಸಮ ಹಂಚು ಇಳಿಸುತ್ತ ಬರಬೇಕು. ಒಂದೇ ಬದಿಯನ್ನು ಬರಿದು ಮಾಡಿದರೆ ಇನ್ನೊಂದು ಬದಿಯ ಭಾರ ಪಕ್ಕಾಸನ್ನು, ಅಂದರೆ ಮಾಡಿನ ಓರೆ ಮರಗಳನ್ನು, ಜಾರಿಸಿ ಗೋಡೆಯನ್ನು ಹೊರಗೆ ತಳ್ಳುತ್ತದೆ. ಹಂಚು ಇಳಿದ ಮೇಲೆ ಹಂಚು ಕೂರುವ ಪಟ್ಟಿಯಾದ ರೀಪು, ರೀಪಿನ ಮೊಳೆ ಕಿತ್ತು ಪಕ್ಕಾಸು, ಕೊನೆಗೆ ತೊಲೆ. ಗೋಡೆಗೆ ಮಾತ್ರ ಜೆಸಿಬಿ. ಅವಸರಕ್ಕೆ ಮೊದಲೇ ಜೆಸಿಬಿ ಹತ್ತಿಸುವವರೂ ಇದ್ದಾರೆ; ಅವರಿಗೆ ಸಿಗುವುದು ಸೌದೆ ಮತ್ತು ಹಂಚಿನ ಚೂರು. ಆ ಕಟ್ಟಡದ ಪಕ್ಕಾಸು ಬೋಗಿ ಮರದ್ದು, ಗೆದ್ದಲು ಮೂಸಿ ನೋಡಿ ಹಿಂದೆ ಹೋಗಿರಬೇಕು, ಅಂಥ ಮರ. ಕಟ್ಟಿದವನ ಮೇಲೆ ನನಗೆ ಗೌರವ ಬಂತು. ಅದರೊಳಗೆ ಬಾಳಿದವರ ಮೇಲೆ ಬರಲಿಲ್ಲ.

ಎರಡನೆಯ ದಿನ ಗೇಟಿನ ಹತ್ತಿರ ಒಬ್ಬರು ಹೆಂಗಸು ನಿಂತಿದ್ದರು. ಅರುವತ್ತು ದಾಟಿದ ಪ್ರಾಯ, ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ತೊಟ್ಟೆ, ಅದರ ತುಂಬ ಕಾಗದ. ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಸಾಹುಕಾರ್ರೇ, ಒಳಗಿನ ಕಾಗದ ಎಲ್ಲ ಎಂತ ಮಾಡ್ತೀರಿ?"

"ಕಾಗದ ಇಲ್ಲ ಅಕ್ಕ. ಎಲ್ಲ ಹೊಸ ಆಫೀಸಿಗೆ ಹೋಗಿದೆ. ನಮಗೆ ಸಿಕ್ಕಿದ್ದು ಸ್ಟೂಲು, ಬೆಂಚು, ಮುರಿದ ಫ್ಯಾನು."

"ನನ್ನದೊಂದು ಅಲ್ಲಿಗೆ ಹೋಗ್ಲಿಲ್ಲ. ಇಲ್ಲೇ ಉಂಟು," ಎಂದರು.

ಅವರ ಮನೆ ಕುಲಶೇಖರದಲ್ಲಿ. ರಸ್ತೆಯಿಂದ ಮನೆಗೆ ಆರಡಿ ಅಗಲದ ದಾರಿ ಇತ್ತು. ಪಕ್ಕದ ಜಾಗ ಕೊಂಡವನು ಅದನ್ನು ಸೇರಿಸಿಕೊಂಡು ಕೆಂಪುಕಲ್ಲಿನ ಆವರಣ ಗೋಡೆ ಎಬ್ಬಿಸಿದ. ಕೋರ್ಟಿನಲ್ಲಿ ಮೂಲ ನಕ್ಷೆ ತನ್ನಿ ಎಂದರು. ನಕ್ಷೆ ಇರುವುದು ಈ ಕಚೇರಿಯಲ್ಲಿ. ಕಚೇರಿ ಪ್ರತಿ ಸಲವೂ ಒಂದೇ ಉತ್ತರ ಬರೆದು ಕೊಟ್ಟಿತು: ಕಡತ ಲಭ್ಯವಿಲ್ಲ. ಅಂಥ ಏಳು ಉತ್ತರಗಳನ್ನು ಅವರು ತೊಟ್ಟೆಯಿಂದ ತೆಗೆದು ನನಗೆ ತೋರಿಸಿದರು, ಒಂದೊಂದರಲ್ಲೂ ಬೇರೆ ಬೇರೆ ಸಹಿ. ಕೊನೆಯದರಲ್ಲಿ ಹುಣಸೆ ಮರದಡಿಯ ನಮ್ಮ ಸೂಪರಿಂಟೆಂಡೆಂಟರ ಸಹಿ. ಅದರಲ್ಲಿ ಇನ್ನೂ ಒಂದು ಸಾಲು ಹೆಚ್ಚು: ಕಚೇರಿಯ ಎಲ್ಲ ಕಪಾಟುಗಳನ್ನು ಕೂಲಂಕಷವಾಗಿ ಹುಡುಕಲಾಗಿದೆ.

ಇದು ಬರೇ ದಾರಿಯ ತಕರಾರಲ್ಲ. ಅವರ ಯಜಮಾನರು ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಈಗ ಎರಡೂ ಕಿಡ್ನಿ ಹೋಗಿ ವಾರಕ್ಕೆ ಎರಡು ಸಲ ಡಯಾಲಿಸಿಸ್. ರಿಕ್ಷಾ ರಸ್ತೆಯಲ್ಲೇ ನಿಲ್ಲಬೇಕು. ಅಲ್ಲಿಂದ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಚರಂಡಿಯ ಅಂಚಿನ ಮೇಲೆ ಇಬ್ಬರು ಹೊತ್ತುಕೊಂಡು ಬರಬೇಕು. "ಹೋದ ಮಳೆಗಾಲ ಕಾಲು ಜಾರಿ ಕುರ್ಚಿ ಸಮೇತ ಚರಂಡಿಗೆ ಬಿದ್ರು. ಈ ಮಳೆಗಾಲ ನನಗೆ ಹೆದರಿಕೆ ಆಗ್ತದೆ," ಎಂದರು.

ಇಂಥ ಕತೆ ಕೇಳಿ ನಾನು ಕರಗುವವನಲ್ಲ. ಹಳೆ ಕಟ್ಟಡದ ಹತ್ತಿರ ಕತೆ ಹೇಳುವವರು ದಿನಾ ಬರುತ್ತಾರೆ, ಅರ್ಧ ಜನರಿಗೆ ಕೊನೆಗೆ ಬೇಕಾದದ್ದು ಬಿಟ್ಟಿ ಬಾಗಿಲು, ಇಲ್ಲವೆ ಅದರ ದಾರಂದದ ಚೌಕಟ್ಟು. ಆದರೆ ಆ ಏಳು ಕಾಗದ ನೋಡಿ ಮೈ ಉರಿಯಿತು.

ನಾಲ್ಕನೆಯ ದಿನ ಹಿಂಬದಿಯ ಕೋಣೆಗೆ ಬಂದೆವು. ಬಾಗಿಲು ತೆಗೆದ ನನ್ನ ಮೇಸ್ತ್ರಿ ತಟ್ಟನೆ ಹೊರಗೆ ಬಂದು ಚಪ್ಪಲಿ ಬಿಟ್ಟ. ಕಿಟಕಿಯ ಪಕ್ಕ ಗೋಡೆಗೆ ದೊಡ್ಡ ಮರದ ಹಲಗೆ, ಅದರ ಮೇಲೆ ಮೂರು ಸಾಲು ದೇವರ ಪಟ. ಗಣಪತಿ ಏಳೆಂಟು, ಲಕ್ಷ್ಮಿ, ಸುಬ್ರಹ್ಮಣ್ಯ, ಮಗುವನ್ನೆತ್ತಿಕೊಂಡ ಮೇರಿಯಮ್ಮ, ಒಂದು ಮೂಲೆಯಲ್ಲಿ ಕಾಬಾದ ಪಟವೂ. ಕೆಲವಕ್ಕೆ ಗಾಜಿಲ್ಲ, ಕೆಲವಕ್ಕೆ ಒಣಗಿದ ಮಾಲೆ, ಎಲ್ಲದಕ್ಕೂ ಊದುಬತ್ತಿಯ ಮಸಿ. ವರ್ಗವಾಗಿ ಬಂದವರೆಲ್ಲ ಒಂದೊಂದು ಪಟ ತಂದಿದ್ದಾರೆ, ಹೋಗುವಾಗ ಯಾರೂ ಕೊಂಡುಹೋಗಿಲ್ಲ. ಹೊಸ ಕಚೇರಿಗೆ ಹೊಸ ಪಟ ಬಂದಿದೆಯಂತೆ, ಲೈಟು ಹತ್ತುವಂಥದ್ದು.

"ಇದೆಲ್ಲ ಯಾರು ತೆಗೆಯುವುದು ಸಾರ್?"

ಸೂಪರಿಂಟೆಂಡೆಂಟರು ಸ್ವರ ತಗ್ಗಿಸಿದರು. "ನಮ್ಮ ಹುಡುಗರು ಮುಟ್ಟುವುದಿಲ್ಲ. ನಾನೂ ಮುಟ್ಟುವ ಹಾಗಿಲ್ಲ, ಶುದ್ಧ ಬೇಕಲ್ಲ. ನಿಮಗೆ ಹಾಗೆಲ್ಲ ಎಂತ ಇಲ್ಲ. ಒಟ್ಟಿಗೇ ಲಾರಿಗೆ ಹಾಕಿಬಿಡಿ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು! ಇಷ್ಟು ವರ್ಷ ಕೈ ಮುಗಿದ ದೇವರನ್ನು ಗುಜರಿ ಲಾರಿಗೆ ಎಸೆಯಲು ಇವರಿಗೆ ಒಬ್ಬ ಬ್ಯಾರಿ ಬೇಕು. ಯಾರೋ ಗೇಟಿನಿಂದ ಒಂದು ವಿಡಿಯೋ ಮಾಡಿದರೆ ಸಂಜೆಯೊಳಗೆ ಊರಿಡೀ ನನ್ನ ಮುಖ. ಅಂಗಡಿಗೆ ಶಟರು ಎಳೆಯಬೇಕಾದವನು ನಾನು, ಶುದ್ಧದಲ್ಲಿ ಉಳಿಯುವವರು ಅವರು.

"ಆಗುವುದಿಲ್ಲ ಸಾರ್. ನೀವು ತೆಗೆಸಿ ಕೊಡಿ. ಅಲ್ಲಿಯವರೆಗೆ ಈ ಕೋಣೆಯ ಒಂದು ಹಂಚೂ ಇಳಿಸುವುದಿಲ್ಲ," ಎಂದೆ.

ಹಾಗೆ ಉಳಿದ ಮೂರು ಕೋಣೆ ಬೋಳಾಗಿ ನಿಂತವು, ದೇವರ ಕೋಣೆಯ ಮೇಲೆ ಮಾತ್ರ ಮಾಡು ಇತ್ತು. ಅವರು ಮೇಲಿನವರಿಗೆ ಪತ್ರ ಬರೆದರು. ದೇವರ ಪಟ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಆದೇಶ ಕೊಡಲು ಬರುವುದಿಲ್ಲ ಎಂದು ಉತ್ತರ ಬಂತು. ಐದು ದಿನ ಹೋಯಿತು. ಕಡಲ ಬದಿಯಲ್ಲಿ ಮೋಡ ಕಟ್ಟತೊಡಗಿತ್ತು. ಜೆಸಿಬಿಯವನು ನನಗೆ ಬಾಯಿಗೆ ಬಂದದ್ದು ಬೈದು ಬೇರೆ ಕೆಲಸಕ್ಕೆ ಹೋದ. ಆ ಹೆಂಗಸು ಮಾತ್ರ ಯಜಮಾನರ ಆಸ್ಪತ್ರೆ ಇಲ್ಲದ ದಿನವೆಲ್ಲ ಬಂದು ಗೇಟಿನ ಕಲ್ಲಿನ ಮೇಲೆ ಕೂರುತ್ತಿದ್ದರು.

ಗುಟ್ಟು ಹಿಡಿದದ್ದು ಮೇಸ್ತ್ರಿ. ಕೆಲಸವಿಲ್ಲದೆ ಕೂತವನು ಗೋಡೆ ನೋಡುತ್ತ ಕೂತಿದ್ದ.

"ಸಾವ್ಕಾರ್ರೇ, ಇಲ್ಲಿ ನೋಡಿ. ಆಚೆ ಮೂರು ಕೋಣೆಯಲ್ಲೂ ಕಿಟಕಿಯ ಎಡಕ್ಕೆ ಗೋಡೆ ಕಪಾಟು ಉಂಟು. ಇಲ್ಲಿ ಮಾತ್ರ ಇಲ್ಲ. ಹಾಗೆ ಯಾರಾದ್ರೂ ಕಟ್ತಾರಾ?"

ಕಟ್ಟುವುದಿಲ್ಲ. ಹಳೆ ಕೆಲಸದವರು ಒಂದು ಕೋಣೆಯ ಅಳತೆ ಇನ್ನೊಂದಕ್ಕೆ ತಪ್ಪಿಸುವುದಿಲ್ಲ. ಒಂದೂವರೆ ಅಡಿ ದಪ್ಪದ ಗೋಡೆಯಲ್ಲಿ ಒಂದಡಿ ಆಳಕ್ಕೆ ಕಪಾಟು ಕೂರಿಸುವುದು ಆ ಕಾಲದ ರೂಢಿ. ನಾವು ಹೊರಗಿನಿಂದ ಸುತ್ತಿಗೆಯ ಹಿಡಿಯಲ್ಲಿ ತಟ್ಟುತ್ತ ಹೋದೆವು. ಟಪ್ ಟಪ್ ಎನ್ನುತ್ತಿದ್ದ ಗೋಡೆ ದೇವರ ಹಲಗೆಯ ನೇರಕ್ಕೆ ಬಂದಾಗ ಡಬ್ ಎಂದಿತು. ಒಳಗೆ ಬಂದು ಟಾರ್ಚ್ ಹಿಡಿದು ಹಲಗೆಯ ಸಂದಿಯಲ್ಲಿ ನೋಡಿದರೆ ಮರದ ಬಾಗಿಲ ಚೌಕಟ್ಟು ಕಾಣಿಸಿತು. ದೇವರು ಪೂರ್ವಕ್ಕೆ ಮುಖ ಮಾಡಬೇಕೆಂದು ಯಾರೋ ಮಹಾನುಭಾವ ಕಪಾಟಿನ ಬಾಗಿಲಿನ ಮೇಲೆಯೇ ಹಲಗೆ ಹೊಡೆಸಿದ್ದಾನೆ. ಆಮೇಲೆ ಬಂದವರಿಗೆ ಕಪಾಟು ತೆಗೆಯಬೇಕಾದರೆ ದೇವರನ್ನು ಕದಲಿಸಬೇಕು. ಕದಲಿಸಿದ ಪಾಪ ತನಗೆ ಯಾಕೆ? ಅದಕ್ಕೆ ಒಬ್ಬೊಬ್ಬರೂ ಬರೆದರು: ಲಭ್ಯವಿಲ್ಲ. ಶುಕ್ರವಾರ ಅದರ ಮುಂದೆಯೇ ಊದುಬತ್ತಿ ಹಚ್ಚಿ, ಸೋಮವಾರ ಲಭ್ಯವಿಲ್ಲ ಎಂದು ಬರೆದರು. ನಮ್ಮ ಊರಿನಲ್ಲಿ ಮೂರು ಧರ್ಮದವರೂ ಒಗ್ಗಟ್ಟಿನಿಂದ ಮಾಡಿದ ಕೆಲಸ ಇದೊಂದೇ ಇರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಗಳು ದೇವರನ್ನೇ ಅಡ್ಡ ನಿಲ್ಲಿಸಿದ್ದರು.

ಸೂಪರಿಂಟೆಂಡೆಂಟರಿಗೆ ಹೇಳಿದೆ. ಚಾದ ಗ್ಲಾಸು ಕೆಳಗಿಟ್ಟರು.

"ಅಲ್ಲಿ ಎಂತ ಇಲ್ಲ. ಇದ್ರೂ ಹಳೆ ರದ್ದಿ. ನೀವು ಬೇಡದ ಉಸಾಬರಿಗೆ ಹೋಗ್ಬೇಡಿ."

"ಎಂತ ಇಲ್ಲ ಅಂತ ನಿಮಗೆ ಹೇಗೆ ಗೊತ್ತು? ತೆಗೆದು ನೋಡಿದ್ದೀರಾ?"

"ಪಟ್ಟಿಯಲ್ಲಿ ಇಲ್ಲ," ಎಂದರು.

ನಾವು ಜೋರಾಗಿಯೇ ಮಾತಾಡಿರಬೇಕು. ಗೇಟಿನ ಕಲ್ಲಿನಿಂದ ಆ ಅಕ್ಕ ಎದ್ದು ಬಂದರು. ಯಾರನ್ನೂ ಏನೂ ಕೇಳಲಿಲ್ಲ. ನಮ್ಮ ಡ್ರಮ್ಮಿನ ನೀರಿನಲ್ಲಿ ಕೈಕಾಲು ತೊಳೆದು, ಚಪ್ಪಲಿ ಬಿಟ್ಟು ಕೋಣೆಗೆ ಹೋದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊದಲ ಗಣಪತಿಗೆ ಕೈ ಮುಗಿದರು.

"ಸ್ವಾಮೀ, ತುಂಬ ವರ್ಷ ಆಯ್ತು. ಸ್ವಲ್ಪ ಆಚೆ ಕೂತ್ಕೊಳ್ಳಿ," ಎಂದು ಪಟ ಎತ್ತಿ ಕಿಟಕಿಯ ಕೆಳಗೆ ಮೇಸ್ತ್ರಿ ಹಾಸಿಕೊಟ್ಟ ಬೆಡ್‌ಶೀಟಿನ ಮೇಲೆ ಇಟ್ಟರು. ಆಮೇಲೆ ಮುಂದಿನದು. ಕಾಬಾದ ಪಟವನ್ನು ನಾನೇ ಇಳಿಸಿದೆ. ಮೇರಿಯಮ್ಮನನ್ನೂ ಅವರೇ ಎತ್ತಿ, ಗಾಜಿನ ಮಸಿ ಸೆರಗಿನಲ್ಲಿ ಒರೆಸಿದರು. ಅರ್ಧ ಗಂಟೆ ಹಿಡಿಯಿತು. ಕೊನೆಯ ಪಟದ ಹಿಂದೆ ಮೊಳೆಯಲ್ಲಿ ಕಪಾಟಿನ ಬೀಗದ ಕೈ ನೇತಾಡುತ್ತಿತ್ತು. ಎಂತ ಸಾವು ಮಾರಾಯ್ರೆ! ಕಳೆದುಹೋಗದ ಹಾಗೆ ಜೋಪಾನ ಮಾಡಿದ್ದಾರೆ!

ಮೇಸ್ತ್ರಿ ಹಲಗೆ ಬಿಚ್ಚಿದ. ಬೀಗ ತಿರುಗಲಿಲ್ಲ, ಸೀಮೆಎಣ್ಣೆ ಬಿಟ್ಟು ಕಾದು ತಿರುಗಿಸಿದೆವು. ಒಳಗೆ ನಾಲ್ಕು ಅಂತಸ್ತು, ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳು. ಕೆಳಗಿನ ಎರಡು ಅಂತಸ್ತು ಗೆದ್ದಲಿನ ಮಣ್ಣು, ಮುಟ್ಟಿದರೆ ಪುಡಿ. ಅಕ್ಕ ಟಾರ್ಚ್ ಹಿಡಿದರು. ಮೇಲಿನ ಗಂಟುಗಳ ಚೀಟಿ ಒಂದೊಂದಾಗಿ ಓದಿದೆ. ಕುಲಶೇಖರದ ಗಂಟು ಮೂರನೆಯದು. ಅಂಚು ತಿಂದಿತ್ತು, ಒಳಗಿನ ಕಾಗದ ಗಟ್ಟಿ ಇತ್ತು. ಅವರ ಸರ್ವೆ ನಂಬರಿನ ನಕ್ಷೆಯಲ್ಲಿ ರಸ್ತೆಯಿಂದ ಮನೆಯವರೆಗೆ ಎರಡು ಗೆರೆ, ನಡುವೆ ಆರಡಿ ಎಂದು ಬರೆದಿತ್ತು. ಅವರು ಆ ಗೆರೆಯ ಮೇಲೆ ಬೆರಳಿಟ್ಟವರು ತೆಗೆಯಲೇ ಇಲ್ಲ.

ಸೂಪರಿಂಟೆಂಡೆಂಟರು ನನ್ನನ್ನು ಹೊರಗೆ ಕರೆದರು.

"ನೋಡಿ, ಲಭ್ಯವಿಲ್ಲ ಅಂತ ನಾನೇ ಬರೆದುಕೊಟ್ಟಾಗಿದೆ. ಈಗ ಸಿಕ್ಕಿದ್ರೆ ನಾನು ಸುಳ್ಳು ಬರೆದ ಹಾಗೆ ಆಗ್ತದೆ. ನನಗೆ ಇನ್ನು ಎರಡು ತಿಂಗಳು ಸರ್ವೀಸ್. ಆ ಗಂಟುಗಳನ್ನು ರದ್ದಿಯ ಒಟ್ಟಿಗೆ ಹಾಕಿ ಕಳಿಸಿಬಿಡಿ. ನಿಮ್ಮ ಕೆಲಸ ಮುಗೀತು ಅಂತ ಇವತ್ತೇ ಬರೆದು ಕೊಡ್ತೇನೆ."

"ಆ ಹೆಂಗಸಿನ ದಾರಿ?"

"ಅದು ಕೋರ್ಟು ನೋಡ್ಕೊಳ್ತದೆ." ಮತ್ತೆ ಸ್ವಲ್ಪ ಹತ್ತಿರ ಬಂದರು. "ಇನ್ನೊಂದು ವಿಷಯ. ನಿಮ್ಮ ಜನ ದೇವರ ಪಟಕ್ಕೆ ಕೈ ಹಾಕಿದ್ರು ಅಂತ ಹೊರಗೆ ಹೋದ್ರೆ ನಿಮಗೇ ಕಷ್ಟ. ವಾಟ್ಸ್ಯಾಪ್ ಕಾಲ. ನಾನು ನಿಮ್ಮ ಒಳ್ಳೆದಕ್ಕೇ ಹೇಳುವುದು."

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಅಂಗಡಿ ನೆನಪಾಯಿತು, ಕಾಲೇಜಿಗೆ ಹೋಗುವ ಮಗಳು ನೆನಪಾದಳು. ಸರಿ ಎಂದು ಬಿಟ್ಟರೆ ಆ ಗಂಟು ಲಾರಿಯಲ್ಲಿ ಹೋಗುತ್ತದೆ, ಒಬ್ಬರಿಗೂ ಗೊತ್ತಾಗುವುದಿಲ್ಲ. ನನಗೂ ಸರಕಾರಿ ಗುತ್ತಿಗೆ ಮುಂದೆಯೂ ಬೇಕು. ಆದರೆ ಅಲ್ಲಿಂದ ಕಿಟಕಿಯ ಒಳಗೆ ಕಾಣುತ್ತಿತ್ತು, ಅಕ್ಕ ಇನ್ನೂ ನಕ್ಷೆಯ ಮೇಲೆ ಬೆರಳಿಟ್ಟೇ ಕೂತಿದ್ದರು. ಆ ಬೆರಳನ್ನು ನಾನು ಹೇಗೆ ಎತ್ತಿಸಲಿ?

ಓದದೆ ಸಹಿ ಹಾಕಿ ಒಮ್ಮೆ ಪೆಟ್ಟು ತಿಂದವನು ನಾನು. ಈಗ ಕರಾರಿನ ಪ್ರತಿ ಸಾಲೂ ಓದುತ್ತೇನೆ. ಸ್ಕೂಟರಿನ ಡಿಕ್ಕಿಯಿಂದ ಕರಾರು ತಂದು ಒಂದು ಷರತ್ತು ತೋರಿಸಿದೆ. ಕೆಡವುವಾಗ ಪಟ್ಟಿಯಲ್ಲಿಲ್ಲದ ವಸ್ತು ಸಿಕ್ಕಿದರೆ ಕೆಲಸ ನಿಲ್ಲಿಸಿ, ಸಾಕ್ಷಿಗಳ ಮುಂದೆ ಮಹಜರು ಬರೆದು, ಇಲಾಖೆಗೆ ಒಪ್ಪಿಸತಕ್ಕದ್ದು.

"ಕೆಲಸ ನಿಲ್ಲಿಸಿದ್ದೇನೆ ಸಾರ್. ಮಹಜರು ಬರೆಯುವ. ನಿಮ್ಮದೇ ಷರತ್ತು."

"ಅದೆಲ್ಲ ನಿಧಿ ಸಿಕ್ಕಿದ್ರೆ ಮಾರಾಯ್ರೆ! ಕಾಗದಕ್ಕಲ್ಲ."

"ವಸ್ತು ಅಂತ ಉಂಟು. ಕಾಗದ ವಸ್ತು ಅಲ್ವಾ? ಬರೀರಿ. ಇಲ್ಲದಿದ್ರೆ ನಾನೇ ಬರೆದು ನಿಮ್ಮ ಮೇಲಿನವರಿಗೆ ಕಳಿಸ್ತೇನೆ, ಆ ಏಳು ಉತ್ತರದ ಫೋಟೋ ಸಮೇತ."

ಅವರು ಬೆವರು ಒರೆಸಿಕೊಂಡರು. "ಹಾಗಾದ್ರೆ ದೇವರ ಪಟ ಯಾರು ತೆಗೆದದ್ದು ಅಂತಲೂ ಬರೀಬೇಕಾಗ್ತದೆ," ಎಂದರು. ಕೊನೆಯ ಬಾಣ.

ಬಾಗಿಲಿನಿಂದ ಉತ್ತರ ಬಂತು. "ಬರೀರಿ. ತೆಗೆದದ್ದು ನಾನು. ನನ್ನ ಹೆಸರು, ಗಂಡನ ಹೆಸರು, ಮನೆ ನಂಬರು ಎಲ್ಲ ಬರೀರಿ. ಕೈಕಾಲು ತೊಳೆದು ತೆಗೆದದ್ದು ಅಂತಲೂ ಬರೀರಿ. ನೀವು ಯಾಕೆ ತೆಗೀಲಿಲ್ಲ ಅಂತ ಮಾತ್ರ ಬರೀಬೇಡಿ, ಓದಿದವರಿಗೆ ನಾಚಿಕೆ ಆದೀತು."

ಮೇಸ್ತ್ರಿ ಗೋಡೆ ಕಡೆ ತಿರುಗಿ ನಕ್ಕ. ಸೂಪರಿಂಟೆಂಡೆಂಟರು ಪೆನ್ನು ತೆಗೆದರು.

ಗಂಟು ಗಂಟಿನ ಚೀಟಿ ಓದಿ ಹೇಳಿದ್ದು ನಾನು, ಬರೆದದ್ದು ಅವರು. ಅರ್ಧಕ್ಕೆ ಬರುವಾಗ ಮಳೆ ಹೊಡೆಯಿತು, ಆ ವರ್ಷದ ಮೊದಲನೆಯದು. ಬೋಳು ಕೋಣೆಗಳಲ್ಲಿ ನೀರು ತುಂಬಿ ಹೊಸ್ತಿಲು ದಾಟಿ ಬರುತ್ತಿತ್ತು. ಮಾಡು ಇದ್ದದ್ದು ಆ ಒಂದು ಕೋಣೆಗೆ, ಅದೂ ದೇವರ ಪಟಗಳ ದೆಸೆಯಿಂದ. ಅಷ್ಟು ಉಪಕಾರ ದೇವರು ಮಾಡಿದ್ದಾರೆ, ಇಲ್ಲ ಎನ್ನಬಾರದು. ಸಾಕ್ಷಿಗೆ ಅಕ್ಕ, ಮೇಸ್ತ್ರಿ, ಹಂಚು ಹೊರುವ ಇಬ್ಬರು. ಸಹಿ ಹಾಕಿದ ಮೇಲೆ ಪ್ರತಿ ಹಾಳೆಯನ್ನೂ ಮೊಬೈಲಿನಲ್ಲಿ ಹಿಡಿದುಕೊಂಡೆ. ಗಂಟುಗಳನ್ನು ಟಾರ್ಪಾಲಿನಲ್ಲಿ ಸುತ್ತಿ ಅವರದೇ ಜೀಪಿನಲ್ಲಿ ಹೊಸ ಕಚೇರಿಗೆ ಮುಟ್ಟಿಸಿ, ಮುಟ್ಟಿದೆ ಎಂದು ಬರೆಸಿಕೊಂಡು ಬಂದೆ. ಪಟಗಳನ್ನು ಅಕ್ಕ ರಿಕ್ಷಾದಲ್ಲಿ ಕೊಂಡುಹೋದರು. ಅವರವರ ಜಾಗಕ್ಕೆ ಮುಟ್ಟಿಸುತ್ತೇನೆ ಎಂದರು. ಕಾಬಾದ್ದು ನನ್ನ ಅಂಗಡಿಯಲ್ಲಿದೆ.

ಆಮೇಲೆ ಜೆಸಿಬಿಯವನನ್ನು ಮತ್ತೆ ಕರೆಸಿದೆ, ಕಟ್ಟಡ ಇಳಿಸಲು ಎರಡು ದಿನ ಸಾಕಾಯಿತು. ಕೊನೆಯ ಗೋಡೆ ಬೀಳುವಾಗ ಕೆಂಪು ಕೆಸರು ಹಾರಿ ಸೂಪರಿಂಟೆಂಡೆಂಟರ ಅಂಗಿಗೆ ಬಿತ್ತು. ನಾನು ಜೆಸಿಬಿಯವನಿಗೆ ಏನೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಿತ್ತು ಎಂದು ಈಗಲೂ ಅನಿಸುತ್ತದೆ. ಲಭ್ಯವಿಲ್ಲ ಎಂದು ಬರೆದದ್ದಕ್ಕೆ ಅವರಿಗೆ ಏನೂ ಆಗಲಿಲ್ಲ. ಹಾರ ಹಾಕಿಸಿಕೊಂಡು ನಿವೃತ್ತರಾದರು. ಕೆಲಸ ಮುಗಿದ ಪತ್ರ ತರಲು ಹೊಸ ಕಚೇರಿಗೆ ಹೋದಾಗ ಲೈಟಿನ ದೇವರನ್ನು ನೋಡಿದೆ. ಪೂರ್ವಕ್ಕೆ ಮುಖ, ಹಿಂದೆ ಕಬ್ಬಿಣದ ಕಪಾಟು. ಅದರಲ್ಲಿ ಎಂತ ಉಂಟು ಎಂದು ಅಲ್ಲಿನವನನ್ನು ಕೇಳಿದೆ. ಎಂತ ಇಲ್ಲ ಎಂದ.

ಮುಂದಿನ ಬೇಸಿಗೆಯಲ್ಲಿ ಅಕ್ಕನ ಫೋನು ಬಂತು. "ನಕ್ಷೆ ನೋಡಿ ಕೋರ್ಟಿನಲ್ಲಿ ಗೋಡೆ ತೆಗೀಲಿಕ್ಕೆ ಆರ್ಡರ್ ಆಯ್ತು ಸಾಹುಕಾರ್ರೇ. ಪಕ್ಕದವನು ತೆಗೀಲಿಲ್ಲ, ನಮಗೇ ತೆಗೀಲಿಕ್ಕೆ ಹೇಳಿದ್ದಾರೆ. ನೀವೇ ಬರ್ಬೇಕು."

ಮೇಸ್ತ್ರಿಯನ್ನೂ ಇಬ್ಬರನ್ನೂ ಕರೆದುಕೊಂಡು ಹೋದೆ. ಸಿಮೆಂಟು ಕಡಿಮೆ ಹಾಕಿ ಎಬ್ಬಿಸಿದ ಗೋಡೆ, ಹಾರೆ ಸಿಕ್ಕಿಸಿದರೆ ಸಾಲು ಸಾಲೇ ಕಳಚಿ ಬಂತು. ಅಷ್ಟು ಕಳಪೆ ಗೋಡೆಗೆ ಇಷ್ಟು ವರ್ಷ! ಕಲ್ಲು ಬದಿಗೆ ಪೇರಿಸಿ, ನೆಲ ಹದ ಮಾಡಿ, ಟೇಪು ಹಿಡಿದು ಅಳೆದೆವು. ಆರಡಿ.

ಅದು ಆಸ್ಪತ್ರೆಯ ದಿನ. ಮಧ್ಯಾಹ್ನ ಅಕ್ಕ ಯಜಮಾನರನ್ನು ಕರೆದುಕೊಂಡು ಬಂದರು. ರಿಕ್ಷಾ ಅಭ್ಯಾಸದಂತೆ ರಸ್ತೆ ಬದಿಗೆ ನಿಂತಿತು. ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಲು ಯಾರೋ ಓಡಿದರು.

"ಕುರ್ಚಿ ಬೇಡ," ಎಂದರು ಅಕ್ಕ. "ಒಳಗೆ ಬಿಡಿ."

"ಹೋಗ್ತದಾ ಅಮ್ಮ?" ರಿಕ್ಷಾದವನಿಗೆ ಅನುಮಾನ.

"ಹೋಗ್ತದೆ. ಕಾಗದದಲ್ಲೇ ಉಂಟು."

ಆಗ ಹಿಂದಿನ ಸೀಟಿನಲ್ಲಿ ಒರಗಿದ್ದ ಯಜಮಾನರು ಮೆಲ್ಲ ಮುಂದೆ ಬಾಗಿದರು. ಸೂಜಿಯ ಪಟ್ಟಿ ಕಟ್ಟಿದ ಕೈಯಿಂದ ಕಂಬಿ ಹಿಡಿದು ತಲೆ ಹೊರಗೆ ಹಾಕಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಇನ್ನೊಂದು ಕೈಯಿಂದ ರಿಕ್ಷಾದ ತಗಡಿಗೆ ಎರಡು ಪೆಟ್ಟು ಕೊಟ್ಟರು.

"ಬರ್ಲಿ, ಬರ್ಲಿ... ಎಡಕ್ಕೆ ಜಾಗ ಉಂಟು... ರೈಟ್, ಪೋಯಿ!"

ರಿಕ್ಷಾ ಆ ಆರಡಿಯಲ್ಲಿ ಹೋಗಿ ಮೆಟ್ಟಿಲ ಮುಂದೆ ನಿಂತಿತು. ಅಕ್ಕ ಇಳಿಯದೆ ಹಾಗೆಯೇ ಕೂತಿದ್ದರು, ಮುಖಕ್ಕೆ ಸೆರಗು ಹಿಡಿದು. ಯಜಮಾನರು ಅವರ ಭುಜ ತಟ್ಟಿದರು.

"ಜಪ್ಪುಲೆ, ಜಪ್ಪುಲೆ," ಎಂದರು, ಬಸ್ಸಿನಲ್ಲಿ ಜನರನ್ನು ಇಳಿಸುವ ಅದೇ ತುಳುವಿನಲ್ಲಿ. "ಲಾಸ್ಟ್ ಸ್ಟಾಪ್."